ಎರಡೋ ಮೂರೋ

ಜನವರಿ ೨೨

ಪ್ರೀತಿಯ ಅಪ್ಪ,

ನಿನ್ನ ಕಾರ್ಡು ತಲುಪಿತು. ತಾರೀಖು ನೋಡಿ ನಗು ಬಂತು. ಅದು ಜನವರಿ ಎರಡೋ ಮೂರೋ? ಅಂಕಿಗಳನ್ನು ನಮ್ಮ ಲಿಪಿಯಲ್ಲೇ ಬರೆಯಬೇಕೆಂಬ ನಿನ್ನ ಹಟ ನನಗೂ ಅಂಟಿದೆ, ಒಪ್ಪಿದೆ. ಆದರೆ ೨ಕ್ಕೂ ೩ಕ್ಕೂ ಇರುವ ವ್ಯತ್ಯಾಸ ಒಂದೇ ಒಂದು ಕೊಂಕು, ಅದನ್ನು ಹಾಕಲು ನಿನಗೆ ಯಾವತ್ತೂ ಪುರಸೊತ್ತಿಲ್ಲ. ಕೊನೆಗೆ ಅಂಚೆಯ ಮುದ್ರೆ ನೋಡಿ ಮೂರು ಎಂದು ತೀರ್ಮಾನಿಸಿದೆ.

ಹೊಸ ಕೆಲಸ ಸಿಕ್ಕಿದೆ. ಜುಲೈಯಲ್ಲಿ ಮಕ್ಕಳಿಗಾಗಿ ಮೂರು ದಿನದ ಚಿತ್ರೋತ್ಸವ, ಎಲ್ಲವೂ ಬೇರೆ ಬೇರೆ ದೇಶಗಳ ಆನಿಮೇಷನ್ ಚಿತ್ರಗಳು. ಮೂವತ್ತೆಂಟು ಚಿತ್ರಗಳಿಗೆ ನಮ್ಮ ಭಾಷೆಯಲ್ಲಿ ಅಡಿಬರಹ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಎಲ್ಲಿ ನಡೆಯುತ್ತದೆ ಗೊತ್ತೇ? ನಿನ್ನ ಹಳೆಯ ಸಭಾಂಗಣದಲ್ಲಿ. ನೀನು ಮೂವತ್ತು ವರ್ಷ ಪ್ರೊಜೆಕ್ಟರ್ ಓಡಿಸಿದ ಆ ಕೋಣೆಗೆ ಈಗ ಸುಣ್ಣ ಬಳಿದಿದ್ದಾರಂತೆ.

ಭಾನುವಾರದ ಬೆಳಗಿನ ಆಟಗಳು ನೆನಪಾದವು. ಎಲ್ಲಿಂದಲೋ ಬಂದ ರೀಲು ಡಬ್ಬಿಗಳು, ಯಾರಿಗೂ ಬಾರದ ಭಾಷೆಗಳು, ಕೆಳಗೆ ಇನ್ನೂರು ಮಕ್ಕಳು. ನೀನು ಒಂದು ಕೈಯಲ್ಲಿ ಪ್ರೊಜೆಕ್ಟರ್, ಇನ್ನೊಂದು ಕೈಯಲ್ಲಿ ಮೈಕು ಹಿಡಿದು, ಪಾತ್ರಗಳ ಮುಖ ನೋಡಿಕೊಂಡೇ ಕಥೆ ಹೇಳುತ್ತಿದ್ದೆ. ನರಿಗೆ ಹಲ್ಲುನೋವು ಎಂದು ನೀನು ಹೇಳಿದರೆ ಅದಕ್ಕೆ ಹಲ್ಲುನೋವೇ. ಮಕ್ಕಳೆಲ್ಲ ನಿನ್ನನ್ನು ಡಬ್ಬಿ ಮಾಮ ಎನ್ನುತ್ತಿದ್ದರು, ನಾನೊಬ್ಬಳು ಮಾತ್ರ ಅಪ್ಪ ಎನ್ನುತ್ತಿದ್ದೆ, ಮಗುಚಿದ ಡಬ್ಬಿಯ ಮೇಲೆ ಕೂತು ಬೀಗುತ್ತಿದ್ದೆ. ಈಗ ನಾನು ಅದೇ ಕೆಲಸವನ್ನು ಸಂಭಾಷಣೆಯ ಪಟ್ಟಿ ಎದುರಿಗಿಟ್ಟುಕೊಂಡು ಮಾಡುತ್ತಿದ್ದೇನೆ. ನಿನ್ನಷ್ಟು ಧೈರ್ಯ ನನಗಿಲ್ಲ.

ಮೊದಲ ಚಿತ್ರ ಮುಗಿಸಿದೆ. ಗಾಜಿನ ಮೇಲೆ ಮರಳು ಹರಡಿ ಬೆರಳಿನಿಂದ ಬಿಡಿಸಿದ್ದು. ಒಬ್ಬಳೇ ಹೆಂಗಸು, ಎರಡು ವರ್ಷ ಕೂತು ಒಂಬತ್ತು ನಿಮಿಷದ ಚಿತ್ರ ಮಾಡಿದ್ದಾಳೆ. ಕುದುರೆ ಒಂದು ಹೆಜ್ಜೆ ಮುಂದೆ ಹೋಗಬೇಕಾದರೆ ಅವಳು ಹಿಂದಿನ ಕುದುರೆಯನ್ನು ಅಳಿಸಲೇಬೇಕು. ಎಲ್ಲ ಮುಗಿದ ಮೇಲೆ ಅವಳ ಕೈಯಲ್ಲಿ ಉಳಿದದ್ದು ಒಂದು ಹಿಡಿ ಮರಳು. ಅಷ್ಟು ಅಳಿಸುವ ಎದೆಗಾರಿಕೆ ಎಲ್ಲಿಂದ ಬರುತ್ತದೋ ಎಂದು ಯೋಚಿಸುತ್ತ, ಕೆಳಗಿನ ಇಸ್ತ್ರಿ ಅಂಗಡಿಯ ಹಬೆ ಕಿಟಕಿಗೆ ಬಡಿಯುವುದನ್ನು ನೋಡುತ್ತ ಕೂತಿದ್ದೆ.

ಇನ್ನೊಂದು ವಿಷಯ. ಹೇಳಬಾರದೆಂದುಕೊಂಡಿದ್ದೆ, ಆದರೆ ನಿನ್ನಿಂದ ಮುಚ್ಚಿಟ್ಟು ನನಗೆ ರೂಢಿಯಿಲ್ಲ. ಅವರಿಂದ ಪತ್ರ ಬಂದಿದೆ. ಅಮ್ಮನಿಂದ. ಮೂವತ್ತೊಂದು ವರ್ಷದ ಮೇಲೆ. ಕಾರ್ಖಾನೆಯ ಕೆಲಸದಿಂದ ನಿವೃತ್ತರಾಗಿದ್ದಾರಂತೆ, ಒಮ್ಮೆ ನೋಡಬೇಕಂತೆ. ನಾಲ್ಕೇ ಸಾಲು. ಮೇಜಿನ ಖಾನೆಯೊಳಗೆ ಹಾಕಿದ್ದೇನೆ. ಉತ್ತರ ಬರೆಯಬೇಕೇ, ಬೇಡವೇ? ನೀನೇನನ್ನುತ್ತೀ?

ನಿನ್ನ,
ಬಾಲ

*

ಫೆಬ್ರವರಿ ೨

ಪ್ರೀತಿಯ ಬಾಲ,

ಇದು ಎರಡು. ಕಣ್ಣಗಲಿಸಿ ನೋಡು, ಕೊಂಕಿಲ್ಲ.

ನಾನು ಚೆನ್ನಾಗಿದ್ದೇನೆ, ಕಿವಿಯೊಂದನ್ನು ಬಿಟ್ಟು. ನಿನ್ನೆ ಹಾಲಿನವನು ಬಾಗಿಲು ಬಡಿದೂ ಬಡಿದೂ ಸುಸ್ತಾಗಿ ಎದುರುಮನೆಗೆ ಕೊಟ್ಟುಹೋದ. ಹೊಲಿಗೆ ಮಷೀನುಗಳ ರಿಪೇರಿ ಮಾತ್ರ ಕೈತುಂಬ ಬರುತ್ತಿದೆ. ಕಿವಿ ಕೇಳದಿದ್ದರೂ ಮಷೀನಿನ ಮೇಲೆ ಅಂಗೈ ಇಟ್ಟರೆ ಎಲ್ಲಿ ತೊಂದರೆಯೆಂದು ತಿಳಿಯುತ್ತದೆ. ನಿನಗೆ ಹೇಳಿದ್ದೆನೋ ಇಲ್ಲವೋ, ಪ್ರೊಜೆಕ್ಟರಿಗೂ ಹೊಲಿಗೆ ಮಷೀನಿಗೂ ಒಳಗಿನ ನಡಿಗೆ ಒಂದೇ. ಒಂದು ಹೆಜ್ಜೆ ಎಳೆಯಬೇಕು, ನಿಲ್ಲಬೇಕು, ಮತ್ತೆ ಎಳೆಯಬೇಕು. ಬಟ್ಟೆ ನಿಂತಾಗಲೇ ಸೂಜಿ ಇಳಿಯುವುದು, ಫಿಲ್ಮು ನಿಂತಾಗಲೇ ಬೆಳಕು ಬೀಳುವುದು. ನೋಡುವವರಿಗೆ ಓಡುತ್ತಿದೆ ಎನಿಸುತ್ತದೆ, ಅಷ್ಟೇ.

ಮರಳಿನ ಚಿತ್ರ ಯಾರಿಗೆ ಬೇಕು? ನನಗೆ ಜೇಡಿಮಣ್ಣಿನ ಬೊಂಬೆಗಳ ಚಿತ್ರವೇ ಇಷ್ಟ. ಬೊಂಬೆಯ ಕೆನ್ನೆಯ ಮೇಲೆ ಮಾಡಿದವನ ಹೆಬ್ಬೆರಳ ಗುರುತು ಕಾಣುತ್ತಿರುತ್ತದೆ. ಪ್ರತಿ ಫ್ರೇಮಿಗೂ ಅದು ಸ್ವಲ್ಪ ಸ್ವಲ್ಪ ಜರುಗಿ, ಕೆನ್ನೆ ಉಸಿರಾಡುತ್ತಿದೆಯೇನೋ ಎನಿಸುತ್ತದೆ. ಗುರುತು ಒರೆಸಿ ನುಣುಪು ಮಾಡಿದವರು ಪೆದ್ದರು. ಅಂಥದ್ದೊಂದು ನಿನ್ನ ಮೂವತ್ತೆಂಟರಲ್ಲಿ ಇದ್ದರೆ ಬರೆ.

ಪತ್ರದ ವಿಷಯ ನಿನಗೆ ಬಿಟ್ಟಿದ್ದು. ನೀನೇನು ಸಣ್ಣ ಮಗುವೇ?

ಅಪ್ಪ

*

ಫೆಬ್ರವರಿ ೧೯

ಪ್ರೀತಿಯ ಅಪ್ಪ,

ನಿನಗೆ ಬಿಟ್ಟಿದ್ದು ಎಂದು ಒಂದೇ ಸಾಲಿನಲ್ಲಿ ಕೈತೊಳೆದುಕೊಂಡೆ. ಬೊಂಬೆಯ ಕೆನ್ನೆಗೆ ನಾಲ್ಕು ಸಾಲು ಕೊಟ್ಟೆ. ಇರಲಿ.

ಜೇಡಿಮಣ್ಣಿನದು ಸಿಕ್ಕಿತು. ಬಸ್ ನಿಲ್ದಾಣದಲ್ಲಿ ಕಾಯುವ ಮುದುಕನ ಕಥೆ, ಮಾತೇ ಇಲ್ಲ. ಹೆಸರೊಂದನ್ನು ಬಿಟ್ಟರೆ ನನಗೆ ಅಡಿಬರಹದ ಕೆಲಸವೂ ಇಲ್ಲ, ಆದರೂ ಮೂರು ಸಲ ನೋಡಿದೆ. ಅವನು ಕಾಯುತ್ತಿರುವಾಗ ಅವನ ಹಿಂದೆ ಗೋಡೆಯ ಮೇಲೆ ಅಂಟಿಸಿದ ಹಾಳೆಯೊಂದರ ಮೂಲೆ ಗಾಳಿಗೆ ಅಲುಗುತ್ತದೆ. ಕ್ಯಾಮೆರಾದ ಮುಂದೆ ಮನುಷ್ಯರು ನಿಂತ ಚಿತ್ರವಾಗಿದ್ದರೆ ಗಾಳಿ ಬೀಸಿತು, ಹಾಳೆ ಅಲುಗಿತು, ಮುಗಿಯಿತು. ಇಲ್ಲಿ ಗಾಳಿಯೇ ಇಲ್ಲ. ಯಾರೋ ಒಬ್ಬರು ಮೇಜಿನ ಮೇಲೆ ಬಗ್ಗಿ, ಆ ಮೂಲೆಯನ್ನು ಕೂದಲೆಳೆಯಷ್ಟು ಎತ್ತಿ, ಫೋಟೋ ತೆಗೆದು, ಮತ್ತೆ ಎತ್ತಿದ್ದಾರೆ. ಇಂಥ ಚಿತ್ರಗಳಲ್ಲಿ ಯಾವುದೂ ತಾನಾಗಿ ಆಗುವುದಿಲ್ಲ ಅಪ್ಪ. ಹಾಳೆ ಅಲುಗಿದರೆ ಯಾರೋ ಅಲುಗಿಸಿದ್ದಾರೆ, ಒಂದು ನೆರಳು ಇಲ್ಲದಿದ್ದರೆ ಯಾರೋ ಬೇಡ ಎಂದಿದ್ದಾರೆ. ನೈಜ ಎನ್ನುವ ಚಿತ್ರಗಳಿಗಿಂತ ಇವನ್ನೇ ನಾನು ಹೆಚ್ಚು ನಂಬುವುದು ಈ ಕಾರಣಕ್ಕೇ ಇರಬೇಕು.

ಇನ್ನೊಂದು ಇದ್ದಿಲಿನಲ್ಲಿ ಬಿಡಿಸಿದ್ದು, ಯುದ್ಧದಿಂದ ಓಡಿಹೋಗುವ ಮನೆಮಂದಿಯ ಕಥೆ. ಅಳಿಸಿದ ಗೆರೆಗಳು ಕಾಗದದ ಮೇಲೆ ಮಸಿಯಾಗಿ ಉಳಿದು, ನಡೆಯುವವರ ಹಿಂದೆ ಅವರವೇ ಹಳೆಯ ಹೆಜ್ಜೆಗಳು ಬರುತ್ತವೆ. ಮಕ್ಕಳಿಗೆ ಇದು ಭಾರವಾಗುತ್ತದೆ ಎಂದು ಸಮಿತಿಯ ಅಧ್ಯಕ್ಷರು ಮೂಗು ಮುರಿದರು. ಏಳು ವರ್ಷದ ಮಗುವಿಗೆ ಏನು ಭಾರ, ಏನು ಹಗುರ ಎಂಬುದು ಇವರಿಗೇನು ಗೊತ್ತು ಎಂದು ನಾನು ಜಗಳಕ್ಕೆ ನಿಂತೆ. ಗೆದ್ದೆ.

ಈಗ ನಿಜವಾದ ಸುದ್ದಿ. ನೀರುನಾಯಿ ಮರಿಯ ಚಿತ್ರ ಸಿಕ್ಕಿದೆ, ಅಪ್ಪ. ಉಣ್ಣೆಯ ಬೊಂಬೆಗಳದ್ದು, ಐದು ಭಾನುವಾರ ಆಡಿದ್ದು. ಎಲ್ಲೋ ಉಗ್ರಾಣದಲ್ಲಿದ್ದ ಪ್ರಿಂಟನ್ನು ಶುದ್ಧ ಮಾಡಿ ಕಳಿಸುತ್ತಿದ್ದಾರೆ. ನನಗೆ ಅದರ ಒಂದೊಂದು ಚೂರೂ ನೆನಪಿದೆ. ಸಂತೆಗೆ ಹೋಗಿದ್ದ ಅಮ್ಮ ನೀರುನಾಯಿ ಚೀಲ ಹೊತ್ತು ಬರುತ್ತಾಳೆ, ಮರಿ ಕುಣಿಯುತ್ತದೆ. ಆಮೇಲೆ ಒಂದು ದಿನ ಅಮ್ಮ ದೋಣಿ ಹತ್ತುತ್ತಾಳೆ. ಮರಿ ಓಡಿ ಓಡಿ, ದಡದ ಮೊಳೆಗೆ ಕೋಟು ಸಿಕ್ಕಿ ತೋಳು ಹರಿಯುತ್ತದೆ. ದೋಣಿ ತಿರುಗುವುದಿಲ್ಲ. ಕತ್ತಲು. ನೀನು ಮೈಕಿನಲ್ಲಿ, ‘ಹೋದವಳು ಹೋದಳು, ಮರಿ ಮನೆಗೆ ಬಂತು’ ಎಂದು ಹೇಳಿ ದೀಪ ಹಾಕುತ್ತಿದ್ದೆ. ಒಂದು ತಮಾಷೆಯೂ ನೆನಪಿದೆ. ನಡುವೆ ಮರಿಯ ಕೋಟಿನ ತೋಳಿಗೆ ಕೆಂಪು ತೇಪೆ ಇತ್ತು, ಕೊನೆಗೆ ಇರಲಿಲ್ಲ. ತೇಪೆ ಎಲ್ಲಿ ಹೋಯಿತು ಎಂದು ಕೇಳಿದ್ದಕ್ಕೆ, ಅಜ್ಜಿ ಹೊಸ ಕೋಟು ಹೊಲಿದುಕೊಟ್ಟಳು ಎಂದೆ. ಮಾರನೆಯ ಭಾನುವಾರದಿಂದ ಅದನ್ನು ಮೈಕಿನಲ್ಲೂ ಸೇರಿಸಿದೆ.

ನಿಜ ಹೇಳುತ್ತೇನೆ. ಖಾನೆಯಲ್ಲಿರುವ ಪತ್ರಕ್ಕೆ ಉತ್ತರ ಬರೆಯಲು ಪೆನ್ನು ಹಿಡಿದಾಗಲೆಲ್ಲ ನನಗೆ ಕಾಣುವುದು ಆ ದೋಣಿಯ ಬೆನ್ನು. ಅಮ್ಮನ ಮುಖ ಮರೆತುಹೋಗಿದೆ, ಆ ಉಣ್ಣೆ ಬೊಂಬೆಯ ಬೆನ್ನು ಮರೆತಿಲ್ಲ.

ಬಾಲ

*

ಫೆಬ್ರವರಿ ೨೬

ಪ್ರೀತಿಯ ಬಾಲ,

ಆ ಚಿತ್ರ ಯಾಕೆ? ಹಳೆಯದು, ಗೀರು ಬಿದ್ದದ್ದು, ಬಣ್ಣವೂ ಕೆಟ್ಟಿತ್ತು. ಮಕ್ಕಳು ಆಕಳಿಸುತ್ತಾರೆ. ಇನ್ನು ಮೂವತ್ತೇಳು ಇವೆಯಲ್ಲ.

ಇಲ್ಲಿ ಬಿಸಿಲು ಶುರುವಾಗಿದೆ. ಮಷೀನಿನ ಎಣ್ಣೆ ಮುಗಿದಿದೆ, ತರಬೇಕು.

ಅಪ್ಪ

*

ಮಾರ್ಚ್ ೧೧

ಅಪ್ಪ,

ಚಿತ್ರ ಬಂತು. ಅಡಿಬರಹಕ್ಕೆಂದು ಬೆಳಿಗ್ಗೆ ಕಪ್ಪು ಪರದೆ ಎಳೆದು ಕೂತವಳು ಮಧ್ಯಾಹ್ನದವರೆಗೂ ಎದ್ದಿಲ್ಲ.

ಮೊದಲ ಭಾಗ ಸರಿಯಾಗಿಯೇ ಇದೆ, ಹಾಳುಬಿದ್ದ ಗಿರಣಿಯಲ್ಲಿ ತಾಯಿ, ಮರಿ. ಎರಡನೆಯ ಭಾಗದಲ್ಲೇ ದೋಣಿ ಬಂದುಬಿಟ್ಟಿತು. ತಾಯಿ ಹತ್ತಿದಳು. ಮರಿಯ ಕೋಟು ಮೊಳೆಗೆ ಸಿಕ್ಕಿ ಹರಿಯಿತು. ಇಲ್ಲಿಗೆ ಮುಗಿಯಬೇಕು ಎಂದು ನಾನು ಕೈಕಟ್ಟಿ ಕೂತೆ. ಮುಗಿಯಲಿಲ್ಲ. ಮೂರನೆಯ ಭಾಗದಲ್ಲಿ ಮರಿ ಹರಿದ ತೋಳಿಗೆ ತಾನೇ ಕೆಂಪು ತೇಪೆ ಹಾಕಿಕೊಳ್ಳುತ್ತದೆ, ಹೊಲಿಗೆಯೆಲ್ಲ ಸೊಟ್ಟ. ಕಾಯುತ್ತದೆ. ತಾಯಿ ಚೀಲ ಹೊತ್ತು ಬರುತ್ತಾಳೆ. ಸಂತೆಯಿಂದಲ್ಲ ಅಪ್ಪ. ಅದೇ ದೋಣಿಯಿಂದ. ಅವಳು ಮೊದಲು ಮರಿಯನ್ನು ತಬ್ಬುವುದಿಲ್ಲ, ತೋಳು ಹಿಡಿದು ಆ ಸೊಟ್ಟ ಹೊಲಿಗೆಯ ಮೇಲೆ ಬೆರಳಾಡಿಸುತ್ತಾಳೆ. ಒಂದೇ ಮಾತು: ‘ಇದನ್ನು ನೀನೇ ಹೊಲಿದೆಯಾ?’ ಅದನ್ನು ನಮ್ಮ ಭಾಷೆಗೆ ತರಲು ನನಗೆ ಕೈ ಬರಲಿಲ್ಲ.

ಅಜ್ಜಿ ಹೊಸ ಕೋಟು ಹೊಲಿದುಕೊಡಲಿಲ್ಲ. ಚಿತ್ರದಲ್ಲಿ ಅಜ್ಜಿಯೇ ಇಲ್ಲ. ನೀನು ಮೂರನೆಯ ಡಬ್ಬಿಯನ್ನು ನಡುವೆ ಹಾಕಿ, ಎರಡನೆಯದನ್ನು ಕೊನೆಗೆ ಹಾಕಿದೆ.

ಒಂದು ಸಲವಾಗಿದ್ದರೆ ಕೈತಪ್ಪು ಎನ್ನುತ್ತಿದ್ದೆ. ಐದು ಭಾನುವಾರ. ಇಂಥ ಚಿತ್ರಗಳಲ್ಲಿ ಯಾವುದೂ ತಾನಾಗಿ ಆಗುವುದಿಲ್ಲ ಎಂದು ಹೋದ ತಿಂಗಳು ದೊಡ್ಡದಾಗಿ ಬರೆದವಳು ನಾನೇ. ಈಗ ನಿನ್ನನ್ನು ಕೇಳುತ್ತಿದ್ದೇನೆ. ಬೇಕೆಂದೇ ಮಾಡಿದೆಯಾ?

ನಾನು ಮೂವತ್ತೊಂದು ವರ್ಷ ಆ ಕೊನೆಯನ್ನು ನಂಬಿಕೊಂಡು ಬದುಕಿದೆ.

ಮಗಳು

*

ಏಪ್ರಿಲ್ ೪

ಅಪ್ಪ,

ನಿನ್ನ ಕಾರ್ಡು ಬಂದಿದೆ. ಬಿಸಿಲು, ಎಣ್ಣೆ, ಎದುರುಮನೆಯವರ ಹೊಸ ಬಾಗಿಲು ಎಲ್ಲ ತಿಳಿಯಿತು. ನಾನು ಕೇಳಿದ್ದು ಅದನ್ನಲ್ಲ. ಉತ್ತರ ಬರೆಯುವವರೆಗೆ ನನಗೆ ಬರೆಯಬೇಡ.

*

ಏಪ್ರಿಲ್ ೨೩

ಪ್ರೀತಿಯ ಬಾಲ,

ನಾಲ್ಕು ಸಲ ಬರೆದು ಹರಿದೆ. ಇದು ಐದನೆಯದು. ಇದನ್ನು ಓದದೆ ಅಂಚೆಗೆ ಹಾಕುತ್ತೇನೆ, ಓದಿದರೆ ಮತ್ತೆ ಹರಿಯುತ್ತೇನೆ.

ಡಬ್ಬಿಗಳ ಮೇಲೆ ಏನು ಬರೆದಿತ್ತೋ ಯಾರಿಗೆ ಗೊತ್ತು, ಆ ಲಿಪಿಯನ್ನು ನಾನು ಕಂಡವನೇ ಅಲ್ಲ. ಹಿಂದಿನ ದಿನ ರೀಲುಗಳ ತುದಿಯನ್ನು ಬೆಳಕಿಗೆ ಹಿಡಿದು ನೋಡಿ, ಯಾವುದು ಯಾವುದರ ನಂತರ ಎಂದು ಲೆಕ್ಕ ಹಾಕಿ, ಡಬ್ಬಿಯ ಮೇಲೆ ಸೀಮೆಸುಣ್ಣದಲ್ಲಿ ನಮ್ಮ ಅಂಕಿ ಬರೆಯುತ್ತಿದ್ದೆ. ೧, ೨, ೩. ಆ ಭಾನುವಾರ ಕೈಯಾಡಿ ಸುಣ್ಣ ಅರ್ಧ ಅಳಿಸಿತ್ತೋ, ನಾನೇ ಕೊಂಕು ಹಾಕಿರಲಿಲ್ಲವೋ, ಮೂರನ್ನು ಎರಡು ಎಂದು ಓದಿದೆ. ನಿಮ್ಮಮ್ಮ ಮದುವೆಯಾದ ಹೊಸತರಲ್ಲೇ ಹೇಳುತ್ತಿದ್ದಳು, ‘ನಿಮ್ಮ ಎರಡು, ಮೂರು ಎರಡೂ ಒಂದೇ ರೀ, ಯಾವತ್ತಾದರೂ ಎಡವಟ್ಟಾಗುತ್ತೆ’ ಎಂದು.

ಆ ರೀಲಿನ ಕೊನೆಗೆ ಅಕ್ಷರಗಳು ಬಂದವು. ಮುಗಿಯಿತು ಎಂದು ಇರಬೇಕು, ಓದಲು ಬಾರದಿದ್ದರೂ ಗೊತ್ತಾಗುತ್ತದೆ. ಲೆನ್ಸಿಗೆ ಅಂಗೈ ಅಡ್ಡ ಹಿಡಿದೆ. ಕೆಳಗೆ ಇನ್ನೂರು ಮಕ್ಕಳು, ಕೈಯಲ್ಲಿ ಇನ್ನೊಂದು ರೀಲು. ಅದನ್ನೇ ಹಾಕಿ, ಬಾಯಿಗೆ ಬಂದ ಕಥೆ ಹೇಳಿ ಮುಗಿಸಿದೆ. ಅಲ್ಲಿಯವರೆಗೆ ಅದು ತಪ್ಪು, ಮೋಸವಲ್ಲ. ಇದನ್ನಾದರೂ ನಂಬು.

ಆಮೇಲೆ ರೀಲು ಹಿಂದಕ್ಕೆ ಸುತ್ತುತ್ತಿದ್ದಾಗ ನೀನು ಡಬ್ಬಿಯ ಮೇಲೆ ಕೂತು ಕೇಳಿದೆ, ‘ಅಮ್ಮನೂ ಹೀಗೇ ಹೋದಳಾ?’ ಎಂದು. ನಾನು ಹೂಂ ಎಂದೆ.

ನಿನಗೆ ನೆನಪಿರಲಾರದು. ಅವಳು ಬೇರೆ ಊರಿನ ಸಿದ್ಧ ಉಡುಪಿನ ಕಾರ್ಖಾನೆಗೆ ಕತ್ತರಿ ಕೆಲಸಕ್ಕೆ ಹೋಗಿ ಆಗ ಮೂರು ತಿಂಗಳಾಗಿತ್ತು. ಹೋಗಬೇಡ ಎಂದು ನಾನು, ಹೋಗಿಯೇ ಹೋಗುತ್ತೇನೆ ಎಂದು ಅವಳು. ಕೋಣೆ ಸಿಕ್ಕ ಮೇಲೆ ಬಂದು ಮಗುವನ್ನು ಕರೆದುಕೊಂಡು ಹೋಗುತ್ತೇನೆ ಎಂದು ಹೇಳಿ ಹೋದಳು. ಆ ಮೂರು ತಿಂಗಳೂ ನೀನು ಎದ್ದ ತಕ್ಷಣ, ಉಣ್ಣುವಾಗ, ಶಾಲೆಯ ಬಾಗಿಲಲ್ಲಿ ಒಂದೇ ಕೇಳುತ್ತಿದ್ದೆ, ಅಮ್ಮ ಯಾವಾಗ ಬರ್ತಾಳೆ ಎಂದು. ಆ ಚಿತ್ರ ನೋಡಿದ ದಿನದಿಂದ ಕೇಳುವುದನ್ನು ನಿಲ್ಲಿಸಿದೆ. ಸೋಮವಾರ ಕೇಳಲಿಲ್ಲ, ಮಂಗಳವಾರ ಕೇಳಲಿಲ್ಲ. ನನಗೆ ಎಷ್ಟು ಹಾಯೆನಿಸಿತು ಎಂದು ಬರೆಯಲು ನಾಚಿಕೆಯಾಗುತ್ತದೆ. ಮುಂದಿನ ಭಾನುವಾರ ಯಾವುದು ಎರಡು, ಯಾವುದು ಮೂರು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಹಾಗೇ ಹಾಕಿದೆ.

ಇಷ್ಟೇ ಆಗಿದ್ದರೆ ಹೇಗೋ ಹೇಳಿಬಿಡುತ್ತಿದ್ದೆ. ಐದನೆಯ ಭಾನುವಾರ ಮೊದಲ ರೀಲು ಮುಗಿದು ದೀಪ ಹಾಕಿದಾಗ ಗೋಡೆಯ ಕಿಂಡಿಯಿಂದ ಕೆಳಗೆ ನೋಡಿದೆ. ಹಿಂದಿನ ಸಾಲಿನಲ್ಲಿ ಅವಳು ಕೂತಿದ್ದಳು. ತೊಡೆಯ ಮೇಲೆ ನೀಲಿ ಛತ್ರಿ. ಮನೆಗೆ ಹೋಗಿ ಬೀಗ ನೋಡಿ ಇಲ್ಲಿಗೆ ಬಂದಿರಬೇಕು. ಅವತ್ತು ಯಾಕೋ ನನ್ನ ಕೈಯಲ್ಲಿ ಎರಡನೆಯ ಡಬ್ಬಿಯೇ ಇತ್ತು. ಸರಿಯಾದದ್ದೇ. ಅದನ್ನು ಹಾಕಿದ್ದರೆ ಕೊನೆಗೆ ತಾಯಿ ಬರುತ್ತಿದ್ದಳು, ನೀನು ನೋಡುತ್ತಿದ್ದೆ. ಡಬ್ಬಿಯನ್ನು ಕೆಳಗಿಟ್ಟೆ. ಮೂರನೆಯದನ್ನು ಎತ್ತಿಕೊಂಡೆ. ಕೊನೆಯಲ್ಲಿ ಮೈಕಿನಲ್ಲಿ ‘ಹೋದವಳು ಹೋದಳು’ ಎಂದದ್ದು ಮಕ್ಕಳಿಗಲ್ಲ. ದೀಪ ಹಾಕಿದಾಗ ಆ ಕುರ್ಚಿ ಖಾಲಿ. ನೀನು ನನ್ನ ಪಕ್ಕದಲ್ಲೇ ಬಿಸ್ಕತ್ತು ತಿನ್ನುತ್ತಿದ್ದೆ.

ಬೇಕೆಂದೇ ಮಾಡಿದೆಯಾ ಎಂದು ಕೇಳಿದೆ. ಮೊದಲ ಸಲ ಇಲ್ಲ. ನಾಲ್ಕು ಸಲ ಹೌದು. ನೀನೂ ಎದ್ದು ಹೋಗಿಬಿಡುತ್ತೀ ಎಂಬ ಭಯ ನನಗೆ. ಅದು ಕಾರಣ ಅಷ್ಟೇ, ಸಮರ್ಥನೆಯಲ್ಲ.

ಅಪ್ಪ

*

ಮೇ ೮

ಅಮ್ಮ,

ಈ ಒಂದು ಪದ ಬರೆಯಲು ಮೂರು ಹಾಳೆ ಹಾಳಾದವು. ನಿಮ್ಮ ಪತ್ರಕ್ಕೆ ಇಷ್ಟು ದಿನ ಉತ್ತರ ಬರೆಯದಿದ್ದಕ್ಕೆ ಕ್ಷಮಿಸಿ ಎನ್ನಬೇಕೋ, ನನಗೆ ತಿಳಿಯದು. ಒಂದೇ ಒಂದು ಪ್ರಶ್ನೆ ಕೇಳುತ್ತೇನೆ. ನಾನು ಏಳು ವರ್ಷದವಳಿದ್ದಾಗ ಒಂದು ಭಾನುವಾರ ನೀವು ಸಭಾಂಗಣಕ್ಕೆ ಬಂದಿದ್ದಿರಂತೆ. ನೀರುನಾಯಿ ಮರಿಯ ಚಿತ್ರ ಆಡುತ್ತಿತ್ತು. ನಾನು ಮೇಲಿನ ಕೋಣೆಯಲ್ಲಿದ್ದೆ. ಮೆಟ್ಟಿಲು ಹತ್ತಿ ಯಾಕೆ ಬರಲಿಲ್ಲ?

ನಿಮ್ಮ ಮಗಳು

*

ಮೇ ೧೫

ಮಗಳೇ,

ಹಾಗೆ ಕರೆಯುವ ಹಕ್ಕು ಉಳಿದಿದೆಯೋ ಇಲ್ಲವೋ, ಬೇರೆ ಪದ ಹೊಳೆಯಲಿಲ್ಲ. ನೀನು ನನ್ನನ್ನು ‘ನೀವು’ ಎಂದು ಬರೆದಿದ್ದೀಯ. ಅದು ನನಗೆ ತಕ್ಕದ್ದೇ.

ಬಂದಿದ್ದೆ. ನಿನ್ನ ಅಳತೆ ಅಂದಾಜು ಮಾಡಿ ಒಂದು ಫ್ರಾಕು ಹೊಲಿದು ತಂದಿದ್ದೆ. ಆಟ ಮುಗಿದ ನಂತರ ಮೇಲೆ ಬರೋಣ ಎಂದುಕೊಂಡು ಕೂತೆ. ಎರಡನೆಯದಾಗಿ ತೋರಿಸಿದ ಭಾಗದಲ್ಲಿ ಮರಿಯ ತೋಳಿಗೆ ತೇಪೆ ಇತ್ತು, ಕೊನೆಗೆ ತೋರಿಸಿದ್ದರಲ್ಲಿ ಇಲ್ಲ. ಅಜ್ಜಿ ಹೊಸ ಕೋಟು ಹೊಲಿದುಕೊಟ್ಟಳು ಎಂದು ಮೈಕಿನಲ್ಲಿ ಬಂತು. ಬಟ್ಟೆ ಕತ್ತರಿಸುವವಳಿಗೆ ಆ ಮಾತು ಹೇಳಿದರೆ ನಡೆಯುತ್ತದೆಯೇ? ಗುಂಡಿಗಳು ಅವೇ, ಒಂದು ಗುಂಡಿಯ ದಾರ ಸಡಿಲವಾಗಿದ್ದದ್ದೂ ಅದೇ. ಹೊಸ ಕೋಟಲ್ಲ, ಹರಿಯುವ ಮುಂಚಿನ ಅದೇ ಕೋಟು. ಹಿಂದುಮುಂದು ಮಾಡಿದ್ದಾರೆ ಎಂದು ನನಗೆ ಅಲ್ಲೇ ಗೊತ್ತಾಯಿತು. ತಾಯಿ ಬಂದೇ ಬರುತ್ತಾಳೆ ಎಂಬುದೂ ಗೊತ್ತಾಯಿತು.

ಸಿಟ್ಟು ನೆತ್ತಿಗೇರಿತು. ಕತ್ತಲಲ್ಲೇ ಎದ್ದು ಆ ಕೋಣೆಯ ಮೆಟ್ಟಿಲವರೆಗೂ ಬಂದೆ. ಹನ್ನೊಂದು ಮೆಟ್ಟಿಲು. ಬಾಗಿಲು ಅರ್ಧ ತೆರೆದಿತ್ತು. ನೀನು ಡಬ್ಬಿಯ ಮೇಲೆ ಕೂತು ಕಾಲಾಡಿಸುತ್ತಿದ್ದೆ, ನಿಮ್ಮಪ್ಪನ ಅಂಗಿಯ ತುದಿ ಹಿಡಿದುಕೊಂಡಿದ್ದೆ. ಇವತ್ತು ಹತ್ತಿದರೆ ಮಗುವಿನ ಎದುರಿಗೆ ಜಗಳವಾಗುತ್ತದೆ, ಮುಂದಿನ ಸಲ ಬರುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡು ಬಸ್ಸು ಹತ್ತಿದೆ. ಮುಂದಿನ ಸಲ ಒಂದು ತಿಂಗಳಾಯಿತು, ತಿಂಗಳು ವರ್ಷವಾಯಿತು. ಆಮೇಲೆ ಯಾವ ಮುಖ ಇಟ್ಟುಕೊಂಡು ಬರಲಿ ಎಂಬುದೇ ದೊಡ್ಡದಾಯಿತು.

ಡಬ್ಬಿ ಅದಲುಬದಲು ಮಾಡಿದವರು ಅವರು. ಮೆಟ್ಟಿಲು ಹತ್ತದೆ ಇದ್ದವಳು ನಾನು. ಅವರ ತಲೆಗೆ ಎಲ್ಲವನ್ನೂ ಕಟ್ಟಬೇಡ. ಒಂದು ತಪ್ಪು ಹೊಲಿಗೆ ಇದ್ದರೆ ಬಿಚ್ಚಿ ಹಾಕಬಹುದು ಎಂದು ಈಗ ಮನೆಗೆ ಹೊಲಿಗೆ ಕಲಿಯಲು ಬರುವ ಹುಡುಗಿಯರಿಗೆ ಪಾಠ ಹೇಳುತ್ತಿದ್ದೇನೆ. ನನ್ನದನ್ನು ಬಿಚ್ಚಲು ಹೋಗಲೇ ಇಲ್ಲ.

ಫ್ರಾಕು ಇನ್ನೂ ಇದೆ. ನಿನಗೆ ಆಗುವುದಿಲ್ಲ.

ಅಮ್ಮ

*

ಜೂನ್ ೧೨

ಅಪ್ಪ,

ಅಮ್ಮನ ಪತ್ರವನ್ನು ಇದರೊಂದಿಗೆ ಕಳಿಸಿದ್ದೇನೆ. ಓದು. ನನ್ನಿಂದ ಹೇಳಿಸಬೇಡ.

ನನಗೆ ಸಿಟ್ಟು ಹೋಗಿಲ್ಲ. ಹೋಗಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಬೆಳಿಗ್ಗೆ ಹಲ್ಲುಜ್ಜುವಾಗ ಇಬ್ಬರ ಮೇಲೂ ಸಿಟ್ಟಿರುತ್ತದೆ, ಮಧ್ಯಾಹ್ನದ ಹೊತ್ತಿಗೆ ನಿನ್ನ ಮೇಲಷ್ಟೇ ಉಳಿಯುತ್ತದೆ, ಸಂಜೆ ಆ ಡಬ್ಬಿಯನ್ನು ಕೆಳಗಿಟ್ಟ ನಿನ್ನ ಕೈ ನೆನೆದು ಅಳು ಬರುತ್ತದೆ. ನಾನು ಹೋಗಿಬಿಡುತ್ತೇನೆಂದು ಹೆದರಿದೆಯಲ್ಲ, ಪೆದ್ದ. ಕಾಲಾಡಿಸುತ್ತ ನಿನ್ನ ಅಂಗಿ ಹಿಡಿದುಕೊಂಡಿದ್ದವಳು ಎಲ್ಲಿಗೆ ಹೋಗುತ್ತಿದ್ದಳು?

ಕೆಲಸದ ಮಾತು. ಚಿತ್ರೋತ್ಸವದ ಕೊನೆಯ ದಿನ ಬೆಳಿಗ್ಗೆ ನೀರುನಾಯಿ ಮರಿಯ ಚಿತ್ರ. ಆ ಆಟಕ್ಕೆ ಬರುವವರು ಆರು ವರ್ಷದೊಳಗಿನವರು, ಅವರಿಗೆ ಅಡಿಬರಹ ಓದಲು ಬಾರದು. ಮೈಕಿನಲ್ಲಿ ಕಥೆ ಹೇಳುವವರೊಬ್ಬರು ಬೇಕು ಎಂದು ಅಧ್ಯಕ್ಷರು ಕೇಳಿದರು. ನಿನ್ನ ಹೆಸರು ಕೊಟ್ಟಿದ್ದೇನೆ. ಕಿವಿ ಕೇಳುವುದಿಲ್ಲ ಎಂದು ಜಾರಿಕೊಳ್ಳಬೇಡ, ಬೇಕಾಗಿರುವುದು ಬಾಯಿ. ಈಗ ರೀಲಿಲ್ಲ, ಡಬ್ಬಿಯಿಲ್ಲ, ಎಲ್ಲ ಒಂದೇ ಫೈಲು, ಹಿಂದುಮುಂದು ಮಾಡಲು ಬರುವುದಿಲ್ಲ. ನಾನು ಪಕ್ಕದಲ್ಲೇ ಕೂತಿರುತ್ತೇನೆ.

ಹಿಂದಿನ ಸಾಲಿನಲ್ಲಿ ಒಂದು ಕುರ್ಚಿ ತೆಗೆದಿರಿಸಲು ಹೇಳಿದ್ದೇನೆ. ಅವರನ್ನು ನಾನು ಕರೆಯುವುದಿಲ್ಲ. ಕರೆಯಬೇಕಾದವನು ನೀನು. ವಿಳಾಸ ಲಕೋಟೆಯ ಹಿಂದೆ ಇದೆ.

ಬಾಲ

*

ಜೂನ್ ೨೦

ಇವಳೇ,

ಹೀಗೆ ಕೂಗಿ ಮೂವತ್ತೊಂದು ವರ್ಷವಾಯಿತು. ಬೇರೆ ಹೇಗೆ ಕರೆಯಬೇಕೋ ಗೊತ್ತಿಲ್ಲ.

ನೀನು ಮಗಳಿಗೆ ಬರೆದದ್ದನ್ನು ಓದಿದೆ. ಸಡಿಲ ಗುಂಡಿಯವರೆಗೂ ನೋಡಿದ್ದೀ. ನಾನು ಅಷ್ಟು ಭಾನುವಾರ ಓಡಿಸಿದರೂ ಅದನ್ನು ಗಮನಿಸಿರಲಿಲ್ಲ. ಹಿಂದಿನ ಸಾಲಿನಲ್ಲಿ ನಿನ್ನನ್ನು ಕಂಡೂ ಡಬ್ಬಿ ಬದಲಿಸಿದೆ. ಇದನ್ನು ನನ್ನ ಕೈಯಿಂದಲೇ ನಿನಗೆ ಬರೆಯಬೇಕಿತ್ತು, ಬರೆದಿದ್ದೇನೆ. ಕ್ಷಮಿಸು ಎಂದು ಕೇಳುವುದಿಲ್ಲ, ಕೇಳಿದರೆ ನೀನು ಉತ್ತರ ಕೊಡಬೇಕಾಗುತ್ತದೆ.

ಆ ಚಿತ್ರ ಮತ್ತೆ ಆಡುತ್ತಿದೆ, ಅದೇ ಸಭಾಂಗಣದಲ್ಲಿ. ಮೈಕು ಹಿಡಿಯುವವನು ನಾನು. ಈ ಸಲ ದೋಣಿ ಹೋಗುತ್ತದೆ, ಆಮೇಲೆ ಬರುತ್ತದೆ. ನಾಲ್ಕು ದಿನದಿಂದ ಕನ್ನಡಿಯ ಮುಂದೆ ನಿಂತು, ಮಗಳು ಬರೆದು ಕಳಿಸಿದ ಸಾಲುಗಳನ್ನು ಹೇಳಿ ಹೇಳಿ ನೋಡುತ್ತಿದ್ದೇನೆ. ‘ಇದನ್ನು ನೀನೇ ಹೊಲಿದೆಯಾ’ ಎಂಬಲ್ಲಿಗೆ ಬಂದಾಗಲೆಲ್ಲ ನಿಲ್ಲಿಸಿ ಮತ್ತೆ ಮೊದಲಿನಿಂದ ಶುರುಮಾಡುತ್ತೇನೆ. ಆ ದಿನವೂ ಹಾಗೇ ಆದರೆ ಮುಂದಿನದನ್ನು ಅವಳೇ ಹೇಳುತ್ತಾಳೆ.

ಕೋಣೆಗೆ ಈಗಲೂ ಹನ್ನೊಂದೇ ಮೆಟ್ಟಿಲು. ನೀನು ಹತ್ತಬೇಡ. ಚಿತ್ರ ಮುಗಿದ ಮೇಲೆ ಕೂತಲ್ಲೇ ಕೂತಿರು, ನಾವಿಬ್ಬರೂ ಇಳಿದು ಬರುತ್ತೇವೆ.

ಜುಲೈ ೩, ಭಾನುವಾರ, ಬೆಳಿಗ್ಗೆ ಹತ್ತು ಗಂಟೆ. ಕೊಂಕನ್ನು ಎರಡು ಸಲ ತಿದ್ದಿದ್ದೇನೆ. ಆದರೂ ನನ್ನ ಅಂಕಿಯನ್ನು ನಂಬಿ ನೀನು ಇನ್ನೊಮ್ಮೆ ಮೋಸಹೋಗಬಾರದು, ಅದಕ್ಕೆ ಅಕ್ಷರದಲ್ಲೇ ಬರೆಯುತ್ತೇನೆ. ಮೂರು.

ಒಂದು ಕಾಲದ
‘ರೀ’